ಯಜಮಾನನಿಲ್ಲದ ಲೆಕ್ಕದ ಪುಸ್ತಕ: ಕ್ರಿಪ್ಟೊ ಹಣ, ಮೈನಿಂಗ್, ಗೋಪ್ಯತೆ, ಮೋಸ

ಎಲ್ಲರಿಗೂ ನಮಸ್ಕಾರ. ಬಿಟ್‌ಕಾಯಿನ್‌ನಂಥ ಕ್ರಿಪ್ಟೊ ಹಣ, ಅಂದರೆ ಕಂಪ್ಯೂಟರುಗಳ ಜಾಲದಲ್ಲಷ್ಟೇ ಇರುವ ಹಣದ ಬಗ್ಗೆ ಜನ ಕೇಳುವ ಮೊದಲ ಪ್ರಶ್ನೆ "ದುಡ್ಡು ಹಾಕಬಹುದಾ ಸಾರ್?" ಎಂದೇ ಇರುತ್ತದೆ ಅಂತ ಆಯೋಜಕರು ಮೊದಲೇ ಹೇಳಿದ್ದಾರೆ. ಬೆಲೆ ನಾಳೆ ಏರುತ್ತದೋ ಇಳಿಯುತ್ತದೋ ಹೇಳಲು ಯಾರಿಂದಲೂ ಆಗುವುದಿಲ್ಲ. ಹೇಳುತ್ತೇನೆ ಎಂದು ಬರುವವರಿಂದ ದೂರ ಇರಿ. ನಾನು ಇವತ್ತು ಹೇಳಬೇಕೆಂದು ಬಂದದ್ದು ಬೇರೆ. ಈ ಹಣದ ವ್ಯವಸ್ಥೆಗೆ ಯಜಮಾನ ಅಂತ ಯಾರೂ ಇಲ್ಲ. ಅದರ ಜಾಣತನವೆಲ್ಲ ಹುಟ್ಟಿದ್ದು ಅಲ್ಲಿಂದ, ಅದರ ಅಪಾಯ ಹುಟ್ಟಿದ್ದೂ ಅಲ್ಲಿಂದಲೇ. ಮೈನಿಂಗ್ ಆಗಲಿ, ಗೋಪ್ಯತೆ ಆಗಲಿ, ಮೋಸ ಆಗಲಿ, ಈ ಒಂದು ಎಳೆ ಹಿಡಿದರೆ ಬಿಡಿಸಿಕೊಳ್ಳುತ್ತದೆ.

ಬ್ಯಾಂಕಿನಿಂದ ಶುರು ಮಾಡೋಣ. ನಿಮ್ಮ ಉಳಿತಾಯ ಖಾತೆಯಲ್ಲಿ 10,000 ರೂಪಾಯಿ ಇದೆ ಎಂದರೆ, ಬ್ಯಾಂಕಿನ ಲೆಕ್ಕದಲ್ಲಿ ನಿಮ್ಮ ಹೆಸರಿನ ಮುಂದೆ ಅಷ್ಟು ಅಂಕಿ ಇದೆ ಎಂದರ್ಥ. ಯುಪಿಐನಲ್ಲಿ ತರಕಾರಿ ಅಂಗಡಿಗೆ 200 ಕಳಿಸಿದರೆ ನಿಮ್ಮ ಸಾಲಿನಲ್ಲಿ 200 ಇಳಿಯುತ್ತದೆ, ಅಂಗಡಿಯವರ ಸಾಲಿನಲ್ಲಿ 200 ಏರುತ್ತದೆ. ಅದೇ 200 ರೂಪಾಯಿಯನ್ನು ನೀವು ಇನ್ನೊಂದು ಅಂಗಡಿಗೂ ಕೊಡದಂತೆ ನೋಡಿಕೊಳ್ಳುವುದು ಆ ಪುಸ್ತಕ ಇಟ್ಟುಕೊಂಡ ಬ್ಯಾಂಕು. ತಪ್ಪು ನಂಬರಿಗೆ ಹೋದರೆ ದೂರು ಕೊಡುವುದೂ ಅಲ್ಲಿಯೇ, ಪಾಸ್‌ವರ್ಡ್ ಮರೆತರೆ ಗುರುತು ತೋರಿಸಿ ಹೊಸದು ಪಡೆಯುವುದೂ ಅಲ್ಲಿಯೇ.

2008ರ ಅಕ್ಟೋಬರ್ 31ರಂದು ಸತೋಶಿ ನಾಕಾಮೊಟೊ ಎಂಬ ಹೆಸರಿನಲ್ಲಿ ಒಂಬತ್ತು ಪುಟದ ಒಂದು ಪ್ರಬಂಧ ಅಂತರ್ಜಾಲದಲ್ಲಿ ಬಂತು. ಆ ಹೆಸರಿನ ಹಿಂದೆ ಯಾರಿದ್ದಾರೆ ಎಂಬುದು ಇವತ್ತಿಗೂ ಖಚಿತವಾಗಿಲ್ಲ. ಪುಸ್ತಕ ಇಟ್ಟುಕೊಳ್ಳುವ ಒಬ್ಬರನ್ನು ನಂಬದೆಯೇ, ಒಂದೇ ಹಣ ಎರಡು ಕಡೆ ಖರ್ಚಾಗದಂತೆ ತಡೆಯುವುದು ಹೇಗೆ ಎಂಬುದಷ್ಟೇ ಆ ಪ್ರಬಂಧದ ವಿಷಯ. ನಮ್ಮೂರುಗಳಲ್ಲಿ ಚೀಟಿ ನಡೆಸುವವರ ಹತ್ತಿರ ಒಂದೇ ಪುಸ್ತಕ ಇರುತ್ತದೆ. ಅವರು ರಾತ್ರೋರಾತ್ರಿ ಊರು ಬಿಟ್ಟರೆ ಪುಸ್ತಕವೂ ಹೋಯಿತು, ಹಣವೂ ಹೋಯಿತು. ಅದರ ಬದಲು ಚೀಟಿಯ ಇಪ್ಪತ್ತೂ ಸದಸ್ಯರು ಆ ಪುಸ್ತಕದ ಒಂದೊಂದು ಪ್ರತಿ ಮನೆಯಲ್ಲಿ ಇಟ್ಟುಕೊಂಡು, ಪ್ರತಿ ಕಂತನ್ನೂ ಎಲ್ಲರೂ ಬರೆದುಕೊಳ್ಳುತ್ತಾರೆ ಎಂದುಕೊಳ್ಳಿ. ಆ ಪ್ರಬಂಧದಿಂದ ಹುಟ್ಟಿದ ಬಿಟ್‌ಕಾಯಿನ್ ಮಾಡಿದ್ದು ಅದನ್ನೇ, ಒಬ್ಬರ ಮುಖ ಇನ್ನೊಬ್ಬರು ನೋಡಿರದ ಸಾವಿರಾರು ಕಂಪ್ಯೂಟರುಗಳ ನಡುವೆ.

ಆದರೆ ಮುಖವೇ ಗೊತ್ತಿಲ್ಲದ ಮೇಲೆ, ಮುಂದಿನ ಪುಟ ಬರೆಯುವವರು ಯಾರು? ನಾನೇ ಸಾವಿರ ಕಂಪ್ಯೂಟರ್ ಇಟ್ಟುಕೊಂಡು ಸಾವಿರ ಜನರಂತೆ ನಟಿಸಬಹುದಲ್ಲ? ಮೈನಿಂಗ್ ಬಂದದ್ದು ಈ ತೊಡಕಿಗೆ ಪರಿಹಾರವಾಗಿ. ಹೊಸ ನಾಣ್ಯ ಹುಟ್ಟುವುದು ಅದರ ಒಂದು ಭಾಗ ಮಾತ್ರ.

ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಶಾ-256 ಎಂಬ ಒಂದು ಗಣಿತದ ವಿಧಾನ ಇದೆ. ಅದಕ್ಕೆ ಒಂದು ಸಾಲು ಕೊಡಿ, ಒಂದು ಇಡೀ ಗ್ರಂಥ ಕೊಡಿ, ಹೊರಗೆ ಬರುವುದು 64 ಅಕ್ಷರ-ಅಂಕಿಗಳ ಒಂದು ಸರಣಿ. ಅದಕ್ಕೆ ಹ್ಯಾಶ್ ಎನ್ನುತ್ತಾರೆ. ಒಳಗೆ 200 ಇದ್ದದ್ದನ್ನು 201 ಮಾಡಿದರೆ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಹ್ಯಾಶ್ ನೋಡಿ ಒಳಗೆ ಏನಿತ್ತು ಎಂದು ಕಂಡುಹಿಡಿಯುವ ದಾರಿ ಇಲ್ಲ. ಮೈನರ್, ಅಂದರೆ ಮೈನಿಂಗ್ ಮಾಡುವವನು, ಮಾಡುವುದು ಇಷ್ಟು: ಕಾದು ಕುಳಿತಿರುವ ವ್ಯವಹಾರಗಳನ್ನು ಒಂದು ಬ್ಲಾಕ್, ಅಂದರೆ ಪುಸ್ತಕದ ಒಂದು ಪುಟ, ಆಗಿ ಜೋಡಿಸುತ್ತಾನೆ, ಹಿಂದಿನ ಬ್ಲಾಕ್‌ನ ಹ್ಯಾಶ್ ಅನ್ನು ಅದರ ತಲೆಗೆ ಬರೆಯುತ್ತಾನೆ, ಕೊನೆಗೆ ನಾನ್ಸ್ ಎಂಬ ಒಂದು ಸಂಖ್ಯೆ ಸೇರಿಸಿ ಹ್ಯಾಶ್ ತೆಗೆಯುತ್ತಾನೆ. ಬಂದ ಹ್ಯಾಶ್ ಜಾಲ ಗೊತ್ತುಮಾಡಿದ ಮಿತಿಗಿಂತ ಸಣ್ಣದಾಗಿರಬೇಕು, ಅಂದರೆ ಸಾಕಷ್ಟು ಸೊನ್ನೆಗಳಿಂದ ಶುರುವಾಗಬೇಕು. ಆಗದಿದ್ದರೆ ನಾನ್ಸ್ ಬದಲಿಸಿ ಮತ್ತೆ. ಆಗದಿದ್ದರೆ ಮತ್ತೆ. ಇದಕ್ಕೆ ಒಳದಾರಿ ಇಲ್ಲ. ಮೊದಲು ಗೆದ್ದವನು ಮುಂದಿನ ಪುಟ ಬರೆಯುತ್ತಾನೆ. ಸಾವಿರ ಜನರಂತೆ ನಟಿಸಿ ಪ್ರಯೋಜನವಿಲ್ಲ, ಲೆಕ್ಕ ಮಾಡುವ ಶಕ್ತಿಯೇ ಬೇಕು.

2009ರ ಜನವರಿ 3ರ ತಾರೀಖಿನ ಮೊಟ್ಟಮೊದಲ ಬ್ಲಾಕ್ ಅನ್ನು ಯಾರು ಬೇಕಾದರೂ ಇವತ್ತೂ ತೆರೆದು ನೋಡಬಹುದು. ಅದರ ನಾನ್ಸ್ 2083236893. ಹ್ಯಾಶ್‌ನ ಆರಂಭದಲ್ಲಿ ಹತ್ತು ಸೊನ್ನೆಗಳಿವೆ. ಅದರೊಳಗೆ ಸತೋಶಿ ಆ ದಿನದ ಲಂಡನ್ನಿನ ಟೈಮ್ಸ್ ಪತ್ರಿಕೆಯ ತಲೆಬರಹ ಸೇರಿಸಿದ್ದಾರೆ: ಬ್ಯಾಂಕುಗಳಿಗೆ ಎರಡನೇ ಬಾರಿ ಸರ್ಕಾರಿ ನೆರವು ಕೊಡುವ ಅಂಚಿನಲ್ಲಿ ಹಣಕಾಸು ಸಚಿವರಿದ್ದಾರೆ ಎಂಬ ಸುದ್ದಿ ಅದು. ಆ ಬ್ಲಾಕ್ ಆ ತಾರೀಖಿಗಿಂತ ಮೊದಲು ತಯಾರಾಗಿರಲಾರದು ಎಂಬುದಕ್ಕೆ ಅದು ಸಾಕ್ಷಿ. ಯಾವ ಕಾಲದಲ್ಲಿ, ಯಾವ ಅಪನಂಬಿಕೆಯ ನಡುವೆ ಈ ಹಣ ಹುಟ್ಟಿತು ಎಂಬುದೂ ಅದರಿಂದ ತಿಳಿಯುತ್ತದೆ.

ಹಿಂದಿನ ಹ್ಯಾಶ್ ಮುಂದಿನ ಬ್ಲಾಕ್‌ನೊಳಗೆ ಇರುವುದರಿಂದ, ಹಳೆಯ ಪುಟದಲ್ಲಿ ಒಂದು ಅಂಕಿ ತಿದ್ದಿದರೂ ಅಲ್ಲಿಂದೀಚಿನ ಎಲ್ಲ ಬ್ಲಾಕ್‌ಗಳ ಲೆಕ್ಕ ಮತ್ತೆ ಮಾಡಬೇಕು. ಅದೂ ಇಡೀ ಜಗತ್ತು ಮುಂದೆ ಓಡುತ್ತಿರುವಾಗ. ಬಿಟ್‌ಕಾಯಿನ್‌ನಲ್ಲಿ ಅದು ಆಗದ ಮಾತು. ಸಣ್ಣ ನಾಣ್ಯಗಳಲ್ಲಿ ಆಗಿದೆ: ಎಥೀರಿಯಂ ಕ್ಲಾಸಿಕ್ ಎಂಬ ನಾಣ್ಯದ ಪುಟಗಳನ್ನು 2019ರಲ್ಲೂ 2020ರಲ್ಲೂ ದಾಳಿಕೋರರು ತಿದ್ದಿ ಬರೆದರು, ಏಕೆಂದರೆ ಅದರ ಜಾಲದಲ್ಲಿ ಲೆಕ್ಕ ಮಾಡುವ ಶಕ್ತಿಯ ಅರ್ಧಕ್ಕಿಂತ ಹೆಚ್ಚನ್ನು ಬಾಡಿಗೆಗೆ ತರಲು ಸಾಧ್ಯವಿತ್ತು. ಹೀಗೆ ಒಂದಕ್ಕೊಂದು ಕೊಂಡಿಯಾದ ಬ್ಲಾಕ್‌ಗಳ ಸಾಲನ್ನೇ ಬ್ಲಾಕ್‌ಚೈನ್ ಎನ್ನುವುದು. "ಬ್ಲಾಕ್‌ಚೈನ್ ಇದೆ, ಆದ್ದರಿಂದ ಸುರಕ್ಷಿತ" ಎಂದು ಯಾರಾದರೂ ಹೇಳಿದರೆ, ಅದರ ಹಿಂದೆ ಎಷ್ಟು ಶಕ್ತಿ ನಿಂತಿದೆ ಎಂದು ಕೇಳಿ.

ಬ್ಲಾಕ್ ಗೆದ್ದವನಿಗೆ ಸಂಭಾವನೆಯಾಗಿ ಹೊಸ ಬಿಟ್‌ಕಾಯಿನ್ ಸಿಗುತ್ತದೆ, ಜೊತೆಗೆ ವ್ಯವಹಾರ ಮಾಡಿದವರು ಕೊಡುವ ಶುಲ್ಕ. ಮೊದಲು ಬ್ಲಾಕಿಗೆ 50 ಇತ್ತು. ಪ್ರತಿ 2,10,000 ಬ್ಲಾಕ್‌ಗಳಿಗೊಮ್ಮೆ ಅರ್ಧವಾಗುತ್ತಾ 2024ರ ಏಪ್ರಿಲ್‌ನಿಂದ 3.125ಕ್ಕೆ ಬಂದಿದೆ. ಒಟ್ಟು 2.1 ಕೋಟಿ ದಾಟುವುದಿಲ್ಲ. ಮೈನರ್‌ಗಳು ಹೆಚ್ಚಾದರೂ ಕಡಿಮೆಯಾದರೂ ಹತ್ತು ನಿಮಿಷಕ್ಕೆ ಸುಮಾರು ಒಂದು ಬ್ಲಾಕ್ ಬರುವಂತೆ, 2,016 ಬ್ಲಾಕ್‌ಗಳಿಗೊಮ್ಮೆ ಲೆಕ್ಕದ ಕಷ್ಟ ತಾನಾಗಿ ಹೊಂದಿಕೊಳ್ಳುತ್ತದೆ.

"ಮನೆಯಲ್ಲೇ ಮೈನಿಂಗ್ ಮಾಡಬಹುದಾ?" ಎಂದು ಕಾಲೇಜು ಹುಡುಗರು ಕೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಈ ಕೆಲಸಕ್ಕೆಂದೇ ಮಾಡಿದ ಒಂದು ಒಳ್ಳೆಯ ಯಂತ್ರ ಸೆಕೆಂಡಿಗೆ 200 ಟೆರಾಹ್ಯಾಶ್ (ಒಂದು ಟೆರಾ ಎಂದರೆ ಲಕ್ಷ ಕೋಟಿ) ತೆಗೆಯುತ್ತದೆ, 3.5 ಕಿಲೋವ್ಯಾಟ್ ವಿದ್ಯುತ್ ಎಳೆಯುತ್ತದೆ. ದಿನಕ್ಕೆ 84 ಯೂನಿಟ್ ಆಯಿತು. ಗೃಹಜ್ಯೋತಿಯ ಗರಿಷ್ಠ ಮಿತಿ ತಿಂಗಳಿಗೆ 200 ಯೂನಿಟ್. ಅದನ್ನು ಈ ಯಂತ್ರ ಮೂರನೇ ದಿನ ದಾಟಿರುತ್ತದೆ. ಇಡೀ ಜಾಲದ ವೇಗ ಸೆಕೆಂಡಿಗೆ 900 ಎಕ್ಸಾಹ್ಯಾಶ್ (ಒಂದು ಎಕ್ಸಾ ಎಂದರೆ ಹತ್ತು ಲಕ್ಷ ಟೆರಾ) ಎಂದಿಟ್ಟುಕೊಂಡರೆ, ಅದು ಇಂಥ 45 ಲಕ್ಷ ಯಂತ್ರಗಳಿಗೆ ಸಮ. ನಿಮ್ಮ ಒಂದೇ ಯಂತ್ರಕ್ಕೆ ಒಂದು ಬ್ಲಾಕ್ ಸಿಗಲು ಸರಾಸರಿ 85 ವರ್ಷ ಬೇಕು. ಅದಕ್ಕೇ ಮೈನರ್‌ಗಳು ಪೂಲ್ ಎಂಬ ಗುಂಪು ಕಟ್ಟಿಕೊಂಡು, ಬಂದ ಸಂಭಾವನೆಯನ್ನು ದುಡಿದಷ್ಟು ಹಂಚಿಕೊಳ್ಳುತ್ತಾರೆ. ವಿದ್ಯುತ್ ಅಗ್ಗವಾಗಿರುವ ಜಾಗ ಹುಡುಕಿಕೊಂಡು ಹೋಗುತ್ತಾರೆ. ಚೀನಾ 2021ರಲ್ಲಿ ಮೈನಿಂಗ್ ನಿಷೇಧಿಸಿದಾಗ ಯಂತ್ರಗಳು ಹಡಗು ಹತ್ತಿ ಅಮೆರಿಕ, ಕಜಾಕಿಸ್ತಾನಗಳಿಗೆ ಹೋದವು.

ಆ 45 ಲಕ್ಷ ಯಂತ್ರಗಳ ವಿದ್ಯುತ್ ಕೂಡಿಸಿದರೆ 15,000 ಮೆಗಾವ್ಯಾಟ್ ಮೀರುತ್ತದೆ. ಕಡು ಬೇಸಿಗೆಯಲ್ಲಿ, ಪಂಪ್‌ಸೆಟ್, ಕಾರ್ಖಾನೆ, ಫ್ಯಾನು ಎಲ್ಲ ಸೇರಿ ಇಡೀ ಕರ್ನಾಟಕದ ಗರಿಷ್ಠ ಬೇಡಿಕೆ 17,000 ಮೆಗಾವ್ಯಾಟ್ ದಾಟಿದ್ದು ನಿಮಗೆ ನೆನಪಿರಬಹುದು. ನಮ್ಮದು ಕೆಲವು ಗಂಟೆಗಳ ಗರಿಷ್ಠ. ಅಲ್ಲಿ ವರ್ಷವಿಡೀ, ಹಗಲೂ ರಾತ್ರಿ. ಇದು ನನಗೆ ಒಪ್ಪಿಗೆಯಾಗುವ ವೆಚ್ಚವಲ್ಲ. ಬೇರೆ ದಾರಿ ಇದೆ ಎಂಬುದನ್ನು ಎಥೀರಿಯಂ ಎಂಬ ಇನ್ನೊಂದು ದೊಡ್ಡ ನಾಣ್ಯ ತೋರಿಸಿದೆ: 2022ರ ಸೆಪ್ಟೆಂಬರ್ 15ರಂದು ಅದು ಮೈನಿಂಗ್ ಬಿಟ್ಟು, ನಾಣ್ಯ ಒತ್ತೆಯಿಟ್ಟವರೇ ಪುಟ ಬರೆಯುವ ಕ್ರಮಕ್ಕೆ ಬದಲಾಯಿತು. ವಿದ್ಯುತ್ ಬಳಕೆ ಶೇ 99ಕ್ಕಿಂತ ಹೆಚ್ಚು ಇಳಿಯಿತು.

ಇನ್ನು ನಿಮ್ಮ ನಾಣ್ಯ ನಿಮ್ಮದು ಎಂಬುದಕ್ಕೆ ಪುರಾವೆ ಏನು? ಹೆಸರಿಲ್ಲ, ಆಧಾರ್ ಇಲ್ಲ, ಸಹಿ ಮಾದರಿ ಇಲ್ಲ. ಇರುವುದು ಒಂದು ಗುಟ್ಟಿನ ಸಂಖ್ಯೆ, 256 ಬಿಟ್ ಉದ್ದದ್ದು. ಅದರಿಂದ ಹುಟ್ಟುವ ವಿಳಾಸಕ್ಕೆ ಜನ ಹಣ ಕಳಿಸುತ್ತಾರೆ. ಆ ಸಂಖ್ಯೆ ಯಾರ ಹತ್ತಿರ ಇದೆಯೋ ಅವರು ಖರ್ಚು ಮಾಡುತ್ತಾರೆ. ವಾಲೆಟ್ ಎಂಬ ಆ್ಯಪ್‌ನೊಳಗೆ ನಾಣ್ಯ ಇರುವುದಿಲ್ಲ, ಕೀಲಿಯಂತಿರುವ ಈ ಗುಟ್ಟಿನ ಸಂಖ್ಯೆ ಇರುತ್ತದೆ. ಮನುಷ್ಯರಿಗೆ ಬರೆದಿಟ್ಟುಕೊಳ್ಳಲು ಅನುಕೂಲವಾಗಲಿ ಎಂದು ಅದನ್ನು 2,048 ಪದಗಳ ಒಂದು ಪಟ್ಟಿಯಿಂದ ಆಯ್ದ 12 ಅಥವಾ 24 ಪದಗಳಾಗಿ ಕೊಡುತ್ತಾರೆ. ಆ ಪದಗಳನ್ನು ಕಳೆದುಕೊಂಡರೆ ಹಣ ಹೋಯಿತು. ಬೇರೆಯವರು ಓದಿಕೊಂಡರೂ ಹೋಯಿತು. ಮ್ಯಾನೇಜರ್ ಹತ್ತಿರ ಹೋಗಿ ಅರ್ಜಿ ಬರೆದುಕೊಡೋಣ ಎಂದರೆ ಮ್ಯಾನೇಜರ್ ಇಲ್ಲ.

ಗೋಪ್ಯತೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ತಪ್ಪು ತಿಳಿವಳಿಕೆ ತುಂಬಾ ಇದೆ. ಹೆಸರಿಲ್ಲ ಎಂದರೆ ಗುಟ್ಟು ಎಂದು ಜನ ಅಂದುಕೊಳ್ಳುತ್ತಾರೆ. ಆದರೆ ಪುಸ್ತಕ ಎಲ್ಲರ ಹತ್ತಿರವೂ ಇದೆ, 2009ರಿಂದ ಇವತ್ತಿನವರೆಗಿನ ಪ್ರತಿ ವ್ಯವಹಾರವೂ ಅದರಲ್ಲಿದೆ. ನಿಮ್ಮ ಹತ್ತಿರ ಒಂದು ವಿಳಾಸದಲ್ಲಿ 1 ಬಿಟ್‌ಕಾಯಿನ್ ಇದೆ, 0.3 ಕಳಿಸಬೇಕು ಎಂದುಕೊಳ್ಳಿ. ಪುಸ್ತಕದಲ್ಲಿ ಬೀಳುವುದು ಹೀಗೆ: 1 ಪೂರ್ತಿ ಹೊರಟಿತು, 0.3 ಒಂದು ಕಡೆ ಹೋಯಿತು, ಶುಲ್ಕ ಕಳೆದು ಸುಮಾರು 0.7 ಒಂದು ಹೊಸ ವಿಳಾಸಕ್ಕೆ ಹೋಯಿತು. ಆ ಹೊಸ ವಿಳಾಸ ನಿಮ್ಮದೇ, ಅದು ಚಿಲ್ಲರೆ. ಇಂಥ ಚಿಲ್ಲರೆ ಯಾವುದು ಎಂದು ಊಹಿಸುವುದು ಪರಿಣತರಿಗೆ ಕಷ್ಟವಲ್ಲ. ಎರಡು ವಿಳಾಸಗಳ ಹಣ ಕೂಡಿಸಿ ಒಂದೇ ಪಾವತಿ ಮಾಡಿದಿರೋ, ಎರಡೂ ಒಬ್ಬರದೇ ಎಂದು ಬರೆದುಕೊಳ್ಳುತ್ತಾರೆ. ಹೀಗೆ ಸಾವಿರ ವಿಳಾಸಗಳು ಒಂದು ಗುಂಪಾಗುತ್ತವೆ. ಆ ಗುಂಪಿನ ಒಂದೇ ಒಂದು ವಿಳಾಸ, ಎಕ್ಸ್‌ಚೇಂಜ್‌ನಲ್ಲಿ, ಅಂದರೆ ನಾಣ್ಯ ಕೊಂಡು ಮಾರುವ ಕಂಪನಿಯಲ್ಲಿ, ಪ್ಯಾನ್ ಕಾರ್ಡ್ ಕೊಟ್ಟು ತೆರೆದ ಖಾತೆಯನ್ನು ಮುಟ್ಟಿದರೆ ಸಾಕು, ಇಡೀ ಗುಂಪಿಗೆ ಹೆಸರು ಸಿಕ್ಕಿತು.

2016ರ ಆಗಸ್ಟ್‌ನಲ್ಲಿ ಬಿಟ್‌ಫಿನೆಕ್ಸ್ ಎಕ್ಸ್‌ಚೇಂಜಿನಿಂದ 1,19,754 ಬಿಟ್‌ಕಾಯಿನ್ ಕಳವಾಯಿತು. ಅದರಲ್ಲಿ ಒಂದು ಭಾಗವನ್ನು ಹಲವು ದಾರಿಗಳಲ್ಲಿ ಹರಿಬಿಟ್ಟರು. ಐದೂವರೆ ವರ್ಷ ಬಿಟ್ಟು, 2022ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ಒಂದು ದಂಪತಿಯನ್ನು ಅಮೆರಿಕದ ತನಿಖಾಧಿಕಾರಿಗಳು ಬಂಧಿಸಿ, 94,000ಕ್ಕೂ ಹೆಚ್ಚು ನಾಣ್ಯ ವಶಪಡಿಸಿಕೊಂಡರು. ಸಿಲ್ಕ್ ರೋಡ್ ಎಂಬ ಮಾದಕವಸ್ತು ಮಾರುಕಟ್ಟೆಯ ತನಿಖೆಯಲ್ಲಿ, ತನಿಖೆಗೆ ಹೋದ ಇಬ್ಬರು ಸರ್ಕಾರಿ ಅಧಿಕಾರಿಗಳೇ ನಾಣ್ಯ ಕದ್ದಿದ್ದರು. ಅವರ ಜಾಡೂ ಆ ಪುಸ್ತಕದಲ್ಲೇ ಸಿಕ್ಕಿತು. ಪುಸ್ತಕಕ್ಕೆ ಮರೆವಿಲ್ಲ.

ಕಳ್ಳರು ಸಿಕ್ಕಿದ್ದು ಒಳ್ಳೆಯದೇ. ಆದರೆ ನನ್ನ ಚಿಂತೆ ಸಾಮಾನ್ಯರ ಬಗ್ಗೆ. ನೀವು ಒಬ್ಬರಿಗೆ ಸಣ್ಣ ಮೊತ್ತ ಕೊಟ್ಟರೆ, ಆ ವಿಳಾಸದಲ್ಲಿ ನಿಮ್ಮದು ಎಷ್ಟಿದೆ, ಎಲ್ಲಿಂದ ಬಂತು ಎಂದು ಅವರು ನೋಡಬಹುದು. ಬ್ಯಾಂಕು ನಿಮ್ಮ ಪಾಸ್‌ಬುಕ್ಕನ್ನು ಅಂಗಡಿಯವರಿಗೆ ತೋರಿಸುವುದಿಲ್ಲ. ಈ ಕೊರತೆ ತುಂಬಲೆಂದೇ 2014ರಲ್ಲಿ ಮೊನೇರೊ ಬಂತು; ಅದು ಕಳಿಸಿದವರು, ಪಡೆದವರು, ಮೊತ್ತ ಮೂರನ್ನೂ ಮರೆಮಾಡುತ್ತದೆ. ಅದೇ ಕಾರಣಕ್ಕೆ ಹಲವು ಎಕ್ಸ್‌ಚೇಂಜ್‌ಗಳು ಅದನ್ನು ಪಟ್ಟಿಯಿಂದ ತೆಗೆದಿವೆ. ಗೋಪ್ಯತೆ ಬಯಸುವವರೆಲ್ಲ ಅಪರಾಧಿಗಳು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಈಗ ಮೋಸ. ಇದರ ಬಗ್ಗೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಹ್ಯಾಶ್ ಗಣಿತ ಮುರಿದು ಹಣ ಕದ್ದ ಒಂದು ಪ್ರಕರಣವನ್ನೂ ನಾನು ನಿಮಗೆ ತೋರಿಸಲಾರೆ. ಕಳ್ಳತನ ಆಗುವುದೆಲ್ಲ ಮನುಷ್ಯರು ನಿಂತಿರುವ ಜಾಗದಲ್ಲಿ.

ಅಮಿತ್ ಭಾರದ್ವಾಜ್ ನಡೆಸಿದ ಗೇನ್‌ಬಿಟ್‌ಕಾಯಿನ್ ಯೋಜನೆ ನಮ್ಮ ದೇಶದ ದೊಡ್ಡ ಉದಾಹರಣೆ. ನಿಮ್ಮ ಬಿಟ್‌ಕಾಯಿನ್ ಕೊಡಿ, ನಾವು ಮೈನಿಂಗ್‌ಗೆ ಹಾಕುತ್ತೇವೆ, 18 ತಿಂಗಳು ಪ್ರತಿ ತಿಂಗಳೂ ಶೇ 10 ಕೊಡುತ್ತೇವೆ ಎಂಬುದು ಆಸೆ. ಈಗಷ್ಟೇ ಮೈನಿಂಗ್ ಲೆಕ್ಕ ಹಾಕಿದೆವಲ್ಲ? ಕಷ್ಟ ಏರುತ್ತಲೇ ಹೋಗುವ, ಸಂಭಾವನೆ ಅರ್ಧಕ್ಕಿಳಿಯುವ ಕೆಲಸದಿಂದ ತಿಂಗಳಿಗೆ ಖಚಿತ ಶೇ 10 ಬರಲು ಸಾಧ್ಯವೇ ಇಲ್ಲ. ಹೊಸದಾಗಿ ಸೇರಿದವರ ನಾಣ್ಯವನ್ನು ಹಳಬರಿಗೆ ಹಂಚಿದರು. ಅದು ಬತ್ತಿದಾಗ, ಬಿಟ್‌ಕಾಯಿನ್ ಬದಲು ತಾವೇ ಹುಟ್ಟಿಸಿದ ಬೆಲೆಯಿಲ್ಲದ ಟೋಕನ್ ಕೊಟ್ಟರು. 2018ರಲ್ಲಿ ಬಂಧನವಾಯಿತು, 2022ರಲ್ಲಿ ಆತ ತೀರಿಕೊಂಡರು, ಸಿಬಿಐ ತನಿಖೆ ಆಮೇಲೂ ಮುಂದುವರಿಯಿತು.

ಒನ್‌ಕಾಯಿನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬಲ್ಗೇರಿಯಾ ಮೂಲದ ರುಜಾ ಇಗ್ನಾಟೊವಾ ಕಟ್ಟಿದ ಈ ಯೋಜನೆಯಲ್ಲಿ ನಿಜವಾದ ಬ್ಲಾಕ್‌ಚೈನೇ ಇರಲಿಲ್ಲ. ಬೆಲೆ ಏರುತ್ತಿದ್ದದ್ದು ಕಂಪನಿಯವರು ತಮ್ಮ ಕಂಪ್ಯೂಟರಿನಲ್ಲಿ ಅಂಕಿ ಬದಲಿಸಿದಾಗ. 400 ಕೋಟಿ ಡಾಲರ್ ಸಂಗ್ರಹಿಸಿದ ಮೇಲೆ, 2017ರ ಅಕ್ಟೋಬರ್‌ನಲ್ಲಿ ಆಕೆ ಕಾಣೆಯಾದರು. 2022ರಲ್ಲಿ ಎಫ್‌ಬಿಐನ ಹತ್ತು ಮಂದಿ ಮುಖ್ಯ ಆರೋಪಿಗಳ ಪಟ್ಟಿಗೆ ಹೆಸರು ಸೇರಿತು. ಅದನ್ನು ಮಾರಿದವರು ನೆಂಟರು, ಸಹೋದ್ಯೋಗಿಗಳು, ಒಂದೇ ಬೀದಿಯವರು. ಅದಕ್ಕೇ ಅದು ಅಷ್ಟು ದೂರ ಹರಡಿತು.

ಈಗ ಹೆಚ್ಚಾಗಿರುವುದು ಮೊಬೈಲಿನ ಮೂಲಕ ಬರುವ ಮೋಸ. ಅದರ ನಡೆ ಹೆಚ್ಚುಕಡಿಮೆ ಒಂದೇ ತರಹ. ತಪ್ಪಿ ಬಂದಂತೆ ಒಂದು ವಾಟ್ಸ್‌ಆ್ಯಪ್ ಸಂದೇಶ, ಇಲ್ಲವೇ ಷೇರು ಸಲಹೆಯ ಟೆಲಿಗ್ರಾಂ ಗುಂಪು. ವಾರಗಟ್ಟಲೆ ಸ್ನೇಹದ ಮಾತು. ಊಟ ಆಯಿತಾ, ಮಗಳ ಪರೀಕ್ಷೆ ಹೇಗಾಯಿತು. ಆಮೇಲೆ ಒಂದು ಆ್ಯಪ್. 5,000 ಹಾಕಿದರೆ 6,200 ತೋರಿಸುತ್ತದೆ, ಅದನ್ನು ಹಿಂದೆ ಪಡೆಯಲೂ ಬಿಡುತ್ತಾರೆ. ನಂಬಿಕೆ ಬಂದಮೇಲೆ ನಿವೃತ್ತಿ ಹಣ, ಒಡವೆ ಸಾಲ, ಸೈಟು ಮಾರಿದ ದುಡ್ಡು ಒಳಗೆ ಹೋಗುತ್ತದೆ. ಪರದೆಯ ಮೇಲೆ ಕೋಟಿ ಕಾಣುತ್ತದೆ. ತೆಗೆಯಲು ಹೋದರೆ ಮೊದಲು ಶೇ 30 ತೆರಿಗೆ ಕಟ್ಟಿ ಎನ್ನುತ್ತಾರೆ. ನಮ್ಮ ದೇಶದಲ್ಲಿ ಕ್ರಿಪ್ಟೊ ಲಾಭಕ್ಕೆ 2022ರ ಏಪ್ರಿಲ್‌ನಿಂದ ಶೇ 30 ತೆರಿಗೆ ನಿಜವಾಗಿಯೂ ಇರುವುದರಿಂದ ಜನ ಅದನ್ನೂ ನಂಬಿ ಕಟ್ಟುತ್ತಾರೆ. ಆದರೆ ಅದು ಆದಾಯ ತೆರಿಗೆ ಇಲಾಖೆಗೆ ರಿಟರ್ನ್ ಜೊತೆ ಕಟ್ಟುವ ತೆರಿಗೆ. ನಿಮ್ಮ ಹಣ ಬಿಡಿಸಿಕೊಳ್ಳಲು ಯಾವ ಆ್ಯಪ್‌ಗೂ ಮುಂಗಡ ಕಟ್ಟುವಂಥದ್ದಲ್ಲ.

ಆ ಸಂದೇಶ ಕಳಿಸುವವರಲ್ಲಿ ಎಲ್ಲರೂ ತಾವಾಗಿ ಆ ಕೆಲಸಕ್ಕೆ ಹೋದವರಲ್ಲ. ಮ್ಯಾನ್ಮಾರ್, ಕಾಂಬೋಡಿಯಾಗಳ ಬೇಲಿ ಹಾಕಿದ ಕಟ್ಟಡಗಳಲ್ಲಿ, ಡೇಟಾ ಎಂಟ್ರಿ ಕೆಲಸ ಎಂದು ನಂಬಿ ಹೋದ ಯುವಕರನ್ನು ಹೊಡೆದು ಬಡಿದು ಇದನ್ನು ಮಾಡಿಸುತ್ತಾರೆ. 2025ರ ಮಾರ್ಚ್‌ನಲ್ಲಿ ಅಂಥ 500ಕ್ಕೂ ಹೆಚ್ಚು ಭಾರತೀಯರನ್ನು ಥಾಯ್ಲೆಂಡಿನ ಮೂಲಕ ವಾಯುಪಡೆಯ ವಿಮಾನಗಳಲ್ಲಿ ಕರೆತಂದರು. ಥಾಯ್ಲೆಂಡಿನಲ್ಲಿ ಕೈತುಂಬ ಸಂಬಳ ಎಂದು ನಿಮ್ಮ ಮನೆಯ ಹುಡುಗನಿಗೆ ಏಜೆಂಟರು ಕರೆ ಮಾಡಿದರೆ, ಇದನ್ನು ನೆನಪಿಟ್ಟುಕೊಂಡು ವಿಚಾರಿಸಿ.

ಸಣ್ಣ ಸಣ್ಣ ಮೋಸಗಳೂ ಇವೆ. ನೀವು ಕಾಪಿ ಮಾಡಿದ ವಿಳಾಸವನ್ನು ಪೇಸ್ಟ್ ಮಾಡುವಾಗ ಬದಲಿಸುವ ವೈರಸ್. ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ಹೊಂದುವ ನಕಲಿ ವಿಳಾಸದಿಂದ ಚೂರು ಹಣ ಕಳಿಸಿ, ಮುಂದಿನ ಸಲ ನೀವು ಹಳೆಯ ಪಟ್ಟಿಯಿಂದ ಅದನ್ನೇ ಆರಿಸಲಿ ಎಂದು ಕಾಯುವವರು. "ನಾನು ಗ್ರಾಹಕ ಸೇವೆಯವನು, 12 ಪದ ಹೇಳಿ" ಎನ್ನುವವರು. "ಕಳಿಸಿದ್ದಕ್ಕೆ ಎರಡರಷ್ಟು ವಾಪಸ್" ಎನ್ನುವವರು. 2020ರ ಜುಲೈನಲ್ಲಿ ಬರಾಕ್ ಒಬಾಮ, ಬಿಲ್ ಗೇಟ್ಸ್ ಮೊದಲಾದವರ ಟ್ವಿಟರ್ ಖಾತೆಗಳೊಳಗೆ ನುಗ್ಗಿ ಇದೇ ಮಾತು ಬರೆದರು, ಕೆಲವೇ ಗಂಟೆಗಳಲ್ಲಿ ಲಕ್ಷ ಡಾಲರ್ ದಾಟಿತು.

ಎಕ್ಸ್‌ಚೇಂಜ್‌ನಲ್ಲಿ ಬಿಟ್ಟ ನಾಣ್ಯ ಹೆಸರಿಗೆ ನಿಮ್ಮದಾದರೂ ಕೀಲಿ ಅವರದು. 2014ರಲ್ಲಿ ಮೌಂಟ್ ಗಾಕ್ಸ್, 2022ರಲ್ಲಿ ಎಫ್‌ಟಿಎಕ್ಸ್ ಎಂಬ ಎಕ್ಸ್‌ಚೇಂಜ್‌ಗಳು ಮುಳುಗಿದವು. 2024ರ ಜುಲೈ 18ರಂದು ನಮ್ಮಲ್ಲೇ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಕಳವಾಯಿತು. ಉತ್ತರ ಕೊರಿಯಾದ ಕೈವಾಡ ಎಂದು ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ ಒಟ್ಟಾಗಿ ಹೇಳಿದವು. ಬ್ಯಾಂಕ್ ಠೇವಣಿಗೆ ಇರುವ 5 ಲಕ್ಷದ ವಿಮೆ ಇಲ್ಲಿ ಇಲ್ಲ.

ಮಾತು ಮುಗಿದ ಮೇಲೆ ಸಭಿಕರು ಕೇಳಿದ ಮೂರು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತೇನೆ.

ಇದು ಕಾನೂನುಬಾಹಿರವೇ ಎಂದು ಒಬ್ಬರು ಕೇಳಿದರು. ಕೊಳ್ಳುವುದು, ಮಾರುವುದು ಅಪರಾಧವಲ್ಲ. ಆದರೆ ಇದು ರೂಪಾಯಿಯಂತೆ ಮಾನ್ಯ ಹಣವೂ ಅಲ್ಲ. ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ, ಕ್ರಿಪ್ಟೊ ವ್ಯವಹಾರದವರಿಗೆ ಸೇವೆ ಕೊಡಬೇಡಿ ಎಂದು ಬ್ಯಾಂಕುಗಳಿಗೆ ಸುತ್ತೋಲೆ ಹೊರಡಿಸಿತ್ತು. ಆ ಗೊಂದಲದ ಕಾಲದಲ್ಲೇ, ಅಕ್ಟೋಬರ್‌ನಲ್ಲಿ, ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಮಾಲ್‌ನಲ್ಲಿ ಇಟ್ಟ ಬಿಟ್‌ಕಾಯಿನ್ ಯಂತ್ರವನ್ನು ಪೊಲೀಸರು ಜಪ್ತಿ ಮಾಡಿದ್ದು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದುಪಡಿಸಿತು. ಈಗ ಲಾಭಕ್ಕೆ ಶೇ 30 ತೆರಿಗೆ, ಮಾರಾಟಕ್ಕೆ ಶೇ 1 ಟಿಡಿಎಸ್. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬಿಡುವುದಿಲ್ಲ.

ಗಂಡ ಏನೋ ಕೊಂಡಿಟ್ಟಿದ್ದಾರೆ, ನನಗೆ ಒಂದೂ ಗೊತ್ತಿಲ್ಲ, ನಾಳೆ ಏನಾದರೂ ಆದರೆ ಎಂದು ಒಬ್ಬ ತಾಯಿ ಕೇಳಿದರು. ಅಮ್ಮಾ, ಇವತ್ತು ಸಂಜೆಯೇ ಕೇಳಿ. ಯಾವ ಎಕ್ಸ್‌ಚೇಂಜ್, ಯಾವ ವಾಲೆಟ್, ಪದಗಳನ್ನು ಬರೆದ ಕಾಗದ ಎಲ್ಲಿದೆ ಎಂದು ತಿಳಿದುಕೊಳ್ಳಿ. ಕ್ವಾಡ್ರಿಗಾ ಎಂಬ ಕೆನಡಾದ ಎಕ್ಸ್‌ಚೇಂಜಿನ ಸ್ಥಾಪಕ 2018ರ ಡಿಸೆಂಬರ್‌ನಲ್ಲಿ ನಮ್ಮ ಜೈಪುರದಲ್ಲಿ ತೀರಿಕೊಂಡಾಗ, ಕೀಲಿಗಳು ಅವರೊಬ್ಬರ ಹತ್ತಿರವೇ ಇದ್ದವು ಎಂದು ಕಂಪನಿ ಹೇಳಿತು. ಅವರು ಗ್ರಾಹಕರ ಹಣವನ್ನು ಮೊದಲೇ ಕರಗಿಸಿದ್ದರು ಎಂಬುದು ಆಮೇಲಿನ ತನಿಖೆಯಲ್ಲಿ ತಿಳಿಯಿತು.

ಕೊನೆಯ ಪ್ರಶ್ನೆ ಹಿರಿಯರೊಬ್ಬರದು, ಮೆಲ್ಲನೆ ಕೇಳಿದರು: ಹಣ ಈಗಾಗಲೇ ಹೋಗಿದ್ದರೆ? ನಾಚಿಕೆಪಟ್ಟು ಕೂರಬೇಡಿ ಸಾರ್. ತಕ್ಷಣ 1930ಕ್ಕೆ ಕರೆ ಮಾಡಿ, ಸೈಬರ್ ಅಪರಾಧದ ಸರ್ಕಾರಿ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಬ್ಯಾಂಕಿಗೂ ತಿಳಿಸಿ. ನಿಮ್ಮ ರೂಪಾಯಿ ಮೊದಲು ಹೋಗಿರುವುದು ಯಾರದೋ ಬಾಡಿಗೆ ಬ್ಯಾಂಕ್ ಖಾತೆಗೆ. ಅಲ್ಲಿಂದ ನಾಣ್ಯವಾಗಿ ಬದಲಾಗುವ ಮುಂಚೆ ತಡೆದರೆ ಹಣ ಉಳಿಯುವ ಸಾಧ್ಯತೆ ಹೆಚ್ಚು. ಟೆದರ್ ನಾಣ್ಯಕ್ಕೆ ಬದಲಾಗಿದ್ದರೂ ಪೂರ್ತಿ ಕೈಬಿಡಬೇಕಿಲ್ಲ. ಅದು ಬಿಟ್‌ಕಾಯಿನ್‌ನಂತಲ್ಲ, ಅದಕ್ಕೆ ಕಂಪನಿಯೊಂದು ಯಜಮಾನನಾಗಿದೆ. ಪೊಲೀಸರು ಕೇಳಿದಾಗ ವಿಳಾಸಗಳನ್ನು ಅದು ಸ್ತಂಭನಗೊಳಿಸಿದ ಉದಾಹರಣೆಗಳಿವೆ. ಆದ್ದರಿಂದ ವಾಲೆಟ್ ವಿಳಾಸ, ವ್ಯವಹಾರದ ಐಡಿ, ಚಾಟ್‌ನ ಸ್ಕ್ರೀನ್‌ಶಾಟ್ ಯಾವುದನ್ನೂ ಅಳಿಸಬೇಡಿ. ಕೆಲವು ದಿನಗಳಲ್ಲಿ ನಿಮಗೆ ಇನ್ನೊಂದು ಕರೆ ಬರಬಹುದು: ನಿಮ್ಮ ಹಣ ಪತ್ತೆಯಾಗಿದೆ, ಬಿಡಿಸಿಕೊಡುತ್ತೇವೆ, ಸ್ವಲ್ಪ ಶುಲ್ಕ ಕಟ್ಟಿ ಎಂದು. ಕಳೆದುಕೊಂಡವರ ಪಟ್ಟಿಯನ್ನೂ ಮೋಸಗಾರರು ಮಾರಿಕೊಳ್ಳುತ್ತಾರೆ. ಆ ಕರೆ ಮಾಡುವವರೂ ಅವರೇ. ಅವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ.